ಹಳದಿ ಬಸ್ಸು ಮತ್ತು ಅದರಾಚೆಯ ಮಕ್ಕಳು: ಶಾಲಾ ವಾಹನ ಸುರಕ್ಷತೆಯ ಚರಿತ್ರೆ

ಮಗುವನ್ನು ಮನೆಯಿಂದ ಶಾಲೆಗೆ ಮುಟ್ಟಿಸುವ ಹೊಣೆ ಯಾರದು ಎಂಬ ಪ್ರಶ್ನೆ, ಶಾಲೆಯು ನಡಿಗೆಯ ದೂರದಲ್ಲೇ ಇದ್ದ ಕಾಲದಲ್ಲಿ ಯಾವ ಸರ್ಕಾರವನ್ನೂ ಕಾಡಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕ ಸಂಯುಕ್ತ ಸಂಸ್ಥಾನದ ಗ್ರಾಮಾಂತರದಲ್ಲಿ ಒಂದೇ ಕೋಣೆಯ, ಒಬ್ಬರೇ ಉಪಾಧ್ಯಾಯರ ಶಾಲೆಗಳು ಹರಡಿಕೊಂಡಿದ್ದು, ಮಕ್ಕಳು ನಡೆದೇ ಅವುಗಳನ್ನು ತಲಪುತ್ತಿದ್ದರು. ಇಂಥ ಸಣ್ಣ ಶಾಲೆಗಳನ್ನು ಮುಚ್ಚಿ ಹಲವು ಹಳ್ಳಿಗಳಿಗೆ ಒಂದರಂತೆ ದೊಡ್ಡ ಶಾಲೆ ಕಟ್ಟುವ ನೀತಿ, ಅಂದರೆ ಶಾಲೆಗಳ ಏಕೀಕರಣ, ಬಲಗೊಂಡಂತೆ ದೂರವೂ ಬೆಳೆಯಿತು. ದೂರದ ಜೊತೆಗೆ ಹೊಣೆಯೂ ಹುಟ್ಟಿತು. 1869ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಮಕ್ಕಳನ್ನು ಶಾಲೆಗೆ ಸಾಗಿಸಲು ಸಾರ್ವಜನಿಕ ಹಣವನ್ನು ವಿನಿಯೋಗಿಸಬಹುದೆಂಬ ಕಾನೂನು ಮಾಡಿ ಆ ಹೊಣೆಯನ್ನು ಮೊದಲು ಒಪ್ಪಿಕೊಂಡಿತು, ಮತ್ತು 1919ರ ಹೊತ್ತಿಗೆ ಆಗಿದ್ದ 48 ರಾಜ್ಯಗಳೂ ಅಂಥದೇ ಕಾನೂನನ್ನು ಮಾಡಿಕೊಂಡಿದ್ದವು. ಆದರೆ ಸಾಗಿಸುವ ಹೊಣೆಯನ್ನು ಒಪ್ಪಿಕೊಂಡವರು ಸುರಕ್ಷಿತವಾಗಿ ಸಾಗಿಸುವ ಹೊಣೆಯನ್ನು ಒಪ್ಪಿಕೊಳ್ಳಲು ಇನ್ನೂ ಹಲವು ದಶಕಗಳನ್ನು ತೆಗೆದುಕೊಂಡರು. ಆ ದಶಕಗಳಲ್ಲಿ ಬಂದ ಪ್ರತಿಯೊಂದು ನಿಯಮಕ್ಕೂ ಒಂದು ಎಲ್ಲೆಯಿತ್ತು, ಮತ್ತು ಆ ಎಲ್ಲೆಯ ಹೊರಗೆ ಯಾವುದೋ ಮಕ್ಕಳು ಯಾವಾಗಲೂ ಉಳಿಯುತ್ತಿದ್ದರು. ಶಾಲಾ ವಾಹನದ ಚರಿತ್ರೆಯನ್ನು ಹೊಸ ಸಲಕರಣೆಗಳ ಪಟ್ಟಿಯಾಗಿ ಬರೆಯುವುದು ಸುಲಭ. ಹೊರಗುಳಿದ ಮಕ್ಕಳನ್ನು ಎದುರಿಗಿಟ್ಟುಕೊಂಡು ಬರೆದಾಗಲೇ ಅದರ ನಿಜವಾದ ಗತಿ ತಿಳಿಯುತ್ತದೆ.

ಮೊದಲ ಶಾಲಾ ವಾಹನಗಳು ಕುದುರೆ ಎಳೆಯುವ ಮರದ ಗಾಡಿಗಳು. ಇಂಡಿಯಾನ ರಾಜ್ಯದ ರಿಚ್ಮಂಡ್ ಪಟ್ಟಣದ ವೇಯ್ನ್ ವರ್ಕ್ಸ್ ಎಂಬ ಕಾರ್ಖಾನೆಯು 1892ರಲ್ಲಿ ಒಹಾಯೋದ ಒಂದು ಶಾಲಾ ಜಿಲ್ಲೆಗಾಗಿ ಇಂಥ ಗಾಡಿಯನ್ನು ಕಟ್ಟಿಕೊಟ್ಟಿತು. ಒಳಗೆ ಗಾಡಿಯ ಎರಡು ಬದಿಗಳಿಗೆ ಆತುಕೊಂಡಂತೆ ಉದ್ದನೆಯ ಬೆಂಚುಗಳಿದ್ದು, ಮಕ್ಕಳು ಎದುರುಬದುರಾಗಿ ಕೂರುತ್ತಿದ್ದರು. ಮಕ್ಕಳ ಗದ್ದಲಕ್ಕೆ ಕುದುರೆಗಳು ಬೆದರಬಾರದೆಂದು ಹತ್ತಿಳಿಯುವ ಬಾಗಿಲನ್ನು ಗಾಡಿಯ ಹಿಂಭಾಗದಲ್ಲಿ ಇಡಲಾಗಿತ್ತು. ಕುದುರೆಯ ಸ್ವಭಾವವನ್ನು ನೋಡಿ ಇಟ್ಟ ಆ ಹಿಂಬಾಗಿಲು ಮೋಟಾರು ಬಂದ ಮೇಲೂ ಹೋಗಲಿಲ್ಲ. ಮಕ್ಕಳು ಮುಂದಿನ ಬಾಗಿಲಿನಿಂದ ಹತ್ತತೊಡಗಿದ ನಂತರ ಅದು ತುರ್ತು ನಿರ್ಗಮನದ ದಾರಿಯಾಗಿ ಉಳಿದು, ಮುಂದೆ ಎಷ್ಟೋ ಮಕ್ಕಳ ಪ್ರಾಣವನ್ನು ಉಳಿಸಿತು. ಅದೇ ಕಾರ್ಖಾನೆ 1914ರಲ್ಲಿ ಮರದ ಮೈಕಟ್ಟನ್ನು ಮೋಟಾರು ಚಾಸಿಯ ಮೇಲೆ, ಎಂದರೆ ಎಂಜಿನ್ ಮತ್ತು ಗಾಲಿಗಳನ್ನು ಹೊತ್ತ ಉಕ್ಕಿನ ತಳಚೌಕಟ್ಟಿನ ಮೇಲೆ ಕೂರಿಸಿತು. ಹಳ್ಳಿಯ ಹೊಂಡಬಿದ್ದ ರಸ್ತೆಗಳಲ್ಲಿ ಮರದ ಮೈಕಟ್ಟು ಬಹುಬೇಗ ಸಡಿಲಗೊಳ್ಳುತ್ತಿದ್ದುದನ್ನು ಗಮನಿಸಿದ ಜಾರ್ಜಿಯ ರಾಜ್ಯದ ಫೋರ್ಡ್ ವಾಹನ ವ್ಯಾಪಾರಿ ಆಲ್ಬರ್ಟ್ ಲೂಸ್ 1927ರಲ್ಲಿ ಉಕ್ಕಿನ ಚೌಕಟ್ಟಿನ ಬಸ್ಸನ್ನು ಕಟ್ಟಿದ. ಅದರಿಂದಲೇ ಬ್ಲೂ ಬರ್ಡ್ ಎಂಬ ಬಸ್ಸು ತಯಾರಿಕೆಯ ಸಂಸ್ಥೆ ಬೆಳೆಯಿತು. ಲೂಸ್‌ನ ಗುರಿ ವಾಹನ ಬಾಳಿಕೆ ಬರಬೇಕೆಂಬುದಾಗಿತ್ತು. ಅಪಘಾತದಲ್ಲಿ ಮಗುವಿನ ಮೈಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ಕಾಲದ ಯಾವ ತಯಾರಕನೂ ಕೇಳಿಕೊಂಡಂತಿಲ್ಲ.

ಆ ಪ್ರಶ್ನೆಯನ್ನು ಕೇಳಿಸಿದ್ದು ಅಪಘಾತಗಳೇ. 1938ರ ಡಿಸೆಂಬರ್ 1ರಂದು ಯೂಟಾ ರಾಜ್ಯದಲ್ಲಿ ಹಿಮ ಸುರಿಯುತ್ತಿದ್ದ ಬೆಳಿಗ್ಗೆ ಶಾಲಾ ಬಸ್ಸೊಂದು ರೈಲು ಹಳಿಯನ್ನು ದಾಟುವಾಗ ಗೂಡ್ಸ್ ರೈಲಿಗೆ ಸಿಕ್ಕಿ, ಚಾಲಕನೂ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳೂ ಸತ್ತರು. ಹಳಿಯ ಬಳಿ ಶಾಲಾ ಬಸ್ಸು ಪೂರ್ತಿಯಾಗಿ ನಿಲ್ಲಬೇಕು, ಚಾಲಕ ಬಾಗಿಲು ತೆರೆದು ಎರಡೂ ಕಡೆ ನೋಡಿ, ಸದ್ದಿಗೆ ಕಿವಿಗೊಟ್ಟು ಅನಂತರವೇ ದಾಟಬೇಕು ಎಂಬ ನಿಯಮ ಅಮೆರಿಕದಲ್ಲಿ ಹರಡಲು ಈ ದುರಂತವೇ ಕಾರಣವಾಯಿತು. ಮುಕ್ಕಾಲು ಶತಮಾನದ ನಂತರ, 2014ರ ಜುಲೈ 24ರಂದು, ತೆಲಂಗಾಣದ ಮೇದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಕಾವಲುಗಾರನಿಲ್ಲದ ಗೇಟಿನ ಬಳಿ ಶಾಲಾ ಬಸ್ಸಿಗೆ ರೈಲು ಬಡಿದು ಹತ್ತಕ್ಕೂ ಹೆಚ್ಚು ಮಕ್ಕಳು ಬಲಿಯಾದದ್ದನ್ನು ನೆನೆದರೆ, ಒಂದು ದೇಶ ಕಲಿತ ಪಾಠ ಇನ್ನೊಂದು ದೇಶಕ್ಕೆ ತಾನಾಗಿ ಬರುವುದಿಲ್ಲ ಎಂಬುದು ಮನದಟ್ಟಾಗುತ್ತದೆ. ಭಾರತೀಯ ರೈಲ್ವೆ ಮುಂದೆ ಹಿಡಿದ ದಾರಿ ಮಾತ್ರ ಬೇರೆಯದು: ಚಾಲಕನ ಎಚ್ಚರವನ್ನು ನೆಚ್ಚಿಕೊಳ್ಳುವ ಬದಲು, 2019ರ ಜನವರಿಯ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನೇ ಅದು ಇಲ್ಲವಾಗಿಸಿತು. ಮನುಷ್ಯನ ಗಮನ ತಪ್ಪಿಯೇ ತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಚಾಲಕನಿಗೆ ಕೊಟ್ಟ ಬುದ್ಧಿಮಾತಿಗಿಂತ ಹೆಚ್ಚು ಜೀವಗಳನ್ನು ಉಳಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ.

ಯೂಟಾ ಅಪಘಾತದ ನಾಲ್ಕು ತಿಂಗಳ ನಂತರ ನ್ಯೂಯಾರ್ಕಿನಲ್ಲಿ ನಡೆದ ಸಭೆಯೊಂದು ಈ ಚರಿತ್ರೆಯಲ್ಲಿ ವಿಶೇಷ ಗಮನಕ್ಕೆ ಅರ್ಹವಾದದ್ದು, ಏಕೆಂದರೆ ಅದರ ಸಿದ್ಧತೆ ಯಾವ ದುರಂತಕ್ಕೂ ಕಾಯದೆ ಮೊದಲೇ ಆರಂಭವಾಗಿತ್ತು. ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಗ್ರಾಮೀಣ ಶಿಕ್ಷಣದ ಪ್ರಾಧ್ಯಾಪಕನಾಗಿದ್ದ ಫ್ರಾಂಕ್ ಸೈಯರ್, ನೆಬ್ರಾಸ್ಕದ ಬಯಲಿನಲ್ಲಿ ಹುಲ್ಲುಹೆಂಟೆಯ ಮನೆಯೊಂದರಲ್ಲಿ 1900ರಲ್ಲಿ ಹುಟ್ಟಿ ಹಳ್ಳಿಯ ಶಾಲೆಗಳ ಕಷ್ಟವನ್ನು ಬಲ್ಲವನಾಗಿದ್ದ. 1937ರಲ್ಲಿ ಆತ ಹತ್ತು ರಾಜ್ಯಗಳಲ್ಲಿ ಮಕ್ಕಳನ್ನು ಸಾಗಿಸುವ ಬಗೆಯನ್ನು ಸಮೀಕ್ಷಿಸಿದಾಗ, ಲಾರಿಗಳಿಂದ ಹಿಡಿದು ಕುದುರೆ ಎಳೆಯುವ ಗೋಧಿಯ ಬಂಡಿಗಳವರೆಗೆ ಕೈಗೆ ಸಿಕ್ಕಿದ ವಾಹನವೆಲ್ಲ ಬಳಕೆಯಲ್ಲಿರುವುದು ಕಂಡುಬಂತು. ಬಸ್ಸುಗಳಿದ್ದಲ್ಲಿಯೂ ಒಂದರಂತೆ ಇನ್ನೊಂದಿರಲಿಲ್ಲ. ಕೆಲವು ಜಿಲ್ಲೆಗಳವರು ಮಕ್ಕಳಲ್ಲಿ ದೇಶಭಕ್ತಿ ಬೆಳೆಯಲೆಂದು ಬಸ್ಸುಗಳಿಗೆ ಕೆಂಪು, ಬಿಳಿ, ನೀಲಿ ಬಣ್ಣಗಳನ್ನು ಬಳಿಸಿದ್ದರು. ರಾಜ್ಯಕ್ಕೊಂದು ಅಳತೆ ಇದ್ದುದರಿಂದ ತಯಾರಕರು ಒಂದೇ ನಮೂನೆಯ ಬಸ್ಸುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವಂತಿರಲಿಲ್ಲ, ಹಾಗಾಗಿ ಬೆಲೆಯೂ ಇಳಿಯುತ್ತಿರಲಿಲ್ಲ. ಮಕ್ಕಳ ಸುರಕ್ಷತೆ ಮತ್ತು ಬಡ ಶಾಲಾ ಜಿಲ್ಲೆಗಳ ಖರ್ಚು ಎಂಬ ಎರಡು ಚಿಂತೆಗಳಿಗೆ ಏಕರೂಪದ ಅಳತೆಯೊಂದೇ ಉತ್ತರ ಎಂಬುದನ್ನು ಸೈಯರ್ ಕಂಡುಕೊಂಡದ್ದು ಆತನ ದೂರದೃಷ್ಟಿ.

ರಾಕ್‌ಫೆಲರ್ ಕುಟುಂಬದ ದತ್ತಿಯಿಂದ ದೊರೆತ 5,000 ಡಾಲರ್ ನೆರವಿನಿಂದ 1939ರ ಏಪ್ರಿಲ್‌ನಲ್ಲಿ ಏಳು ದಿನಗಳ ಕಾಲ ನಡೆದ ಆ ಸಭೆಗೆ 48 ರಾಜ್ಯಗಳಿಂದ ಶಿಕ್ಷಣ ಮತ್ತು ಸಾರಿಗೆ ಅಧಿಕಾರಿಗಳು ಬಂದರು. ವಾಹನ ಕಂಪನಿಗಳ ಎಂಜಿನಿಯರುಗಳೂ ಬಣ್ಣ ತಯಾರಿಸುವ ಕಂಪನಿಗಳ ತಜ್ಞರೂ ಜೊತೆಗೆ ಕುಳಿತರು. ಮೈಕಟ್ಟಿನ ಉದ್ದ, ಚಾವಣಿಯ ಎತ್ತರ, ಸೀಟುಗಳ ನಡುವಿನ ಓಣಿಯ ಅಗಲ ಮೊದಲಾದ ವಿಷಯಗಳನ್ನು ಕುರಿತು ಒಟ್ಟು 44 ಮಾನದಂಡಗಳು ಅಲ್ಲಿ ಗೊತ್ತಾದವು. ಬಣ್ಣವನ್ನು ಆರಿಸಲು ಸೈಯರ್ ಅನುಸರಿಸಿದ ವಿಧಾನ ತೀರ ಸರಳವಾಗಿತ್ತು: ನಿಂಬೆಯ ತಿಳಿಹಳದಿಯಿಂದ ಕೆಂಪು ಮಿಶ್ರಿತ ಗಾಢ ಕಿತ್ತಳೆಯವರೆಗಿನ ಐವತ್ತು ಛಾಯೆಗಳ ಪಟ್ಟಿಗಳನ್ನು ಗೋಡೆಗೆ ತೂಗುಹಾಕಿಸಿ, ಸದಸ್ಯರ ಕಣ್ಣಿಗೆ ಒಪ್ಪಿದ್ದನ್ನು ಆರಿಸುವಂತೆ ಮಾಡಿದ. ಶಾಲಾ ಬಸ್ಸು ಓಡುವುದು ಹೆಚ್ಚಾಗಿ ಮುಂಜಾನೆಯ ಮಬ್ಬಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ಆ ಮಂದ ಬೆಳಕಿನಲ್ಲಿ ಹಳದಿಯ ಮೇಲೆ ಬರೆದ ಕಪ್ಪು ಅಕ್ಷರ ದೂರಕ್ಕೂ ಓದಲು ಸಿಗುತ್ತದೆ, ಮತ್ತು ನೇರವಾಗಿ ನೋಡದೆ ಓರೆಗಣ್ಣಿನಲ್ಲಿ ನೋಡಿದವನಿಗೂ ಹಳದಿ ಬಣ್ಣ ಬೇಗ ಕಾಣುತ್ತದೆ. ಸೀಸದ ಕ್ರೋಮೇಟ್ ಎಂಬ ವರ್ಣದ್ರವ್ಯದಿಂದ ತಯಾರಾಗುತ್ತಿದ್ದ ಆ ಬಣ್ಣಕ್ಕೆ ನ್ಯಾಷನಲ್ ಸ್ಕೂಲ್ ಬಸ್ ಕ್ರೋಮ್ ಎಂಬ ಹೆಸರು ಬಂತು. ಸೀಸ ವಿಷಕಾರಿ ಎಂಬುದು ಸ್ಪಷ್ಟವಾಗಿ ಅದನ್ನು ಬಿಟ್ಟುಕೊಟ್ಟ ಮೇಲೆ ಹೆಸರೂ ಬದಲಾಯಿತು. 35 ರಾಜ್ಯಗಳು ಹಳದಿಯನ್ನು ಕೂಡಲೇ ಒಪ್ಪಿಕೊಂಡರೂ ಕೊನೆಯದಾದ ಮಿನೆಸೋಟ ಒಪ್ಪಿದ್ದು 1974ರಲ್ಲಿ. ಈ ಸಭೆ ಮಾಡಿದ ಮಾನದಂಡಗಳು ಶಿಫಾರಸುಗಳೇ ಹೊರತು ಕಾನೂನಲ್ಲ ಎಂಬುದೇ ಆ ವಿಳಂಬಕ್ಕೆ ಕಾರಣ.

ಹಳದಿ ಬಸ್ಸು ಹೀಗೆ ರೂಪ ಪಡೆಯುತ್ತಿದ್ದಾಗ ಅದೇ ದೇಶದ ದಕ್ಷಿಣದಲ್ಲಿ ಯಾವ ಬಣ್ಣದ ಬಸ್ಸನ್ನೂ ಕಾಣದ ಮಕ್ಕಳಿದ್ದರು. ದಕ್ಷಿಣ ಕ್ಯಾರೊಲಿನದ ಕ್ಲ್ಯಾರೆಂಡನ್ ಜಿಲ್ಲೆಯಲ್ಲಿ ಬಿಳಿಯರ ಮಕ್ಕಳಿಗೆ ಸರ್ಕಾರಿ ಬಸ್ಸುಗಳು ಓಡುತ್ತಿದ್ದರೆ, ಕರಿಯರ ಮಕ್ಕಳು ಮೈಲಿಗಟ್ಟಲೆ ನಡೆಯಬೇಕಾಗಿತ್ತು. ತಂದೆತಾಯಿಗಳು ತಾವೇ ಹಣ ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರೂ ಅದು ಪದೇಪದೇ ಕೆಟ್ಟು ನಿಲ್ಲುತ್ತಿತ್ತು. ಪಾದ್ರಿ ಮತ್ತು ಶಿಕ್ಷಕನಾಗಿದ್ದ ಜೋಸೆಫ್ ಡಿಲೇನ್‌ನ ಒತ್ತಾಸೆಯಿಂದ ಲೀವೈ ಪಿಯರ್ಸನ್ ಎಂಬ ರೈತ 1947ರಲ್ಲಿ ತನ್ನ ಮಕ್ಕಳಿಗೂ ಬಸ್ಸು ಬೇಕೆಂದು ಮನವಿ ಸಲ್ಲಿಸಿ, ಅದು ನಡೆಯದಿದ್ದಾಗ ನ್ಯಾಯಾಲಯದ ಮೆಟ್ಟಿಲೇರಿದ. ಆತನ ಜಮೀನು ಯಾವ ಶಾಲಾ ಜಿಲ್ಲೆಗೆ ಸೇರುತ್ತದೆ ಎಂಬ ತಾಂತ್ರಿಕ ಕಾರಣದಿಂದ 1948ರಲ್ಲಿ ದಾವೆ ವಜಾ ಆಯಿತು. ಆದರೆ ಅದೇ ಹೋರಾಟ ಬೆಳೆದು ಬ್ರಿಗ್ಸ್ ಪ್ರಕರಣವಾಯಿತು, ಮತ್ತು ಶಾಲೆಗಳಲ್ಲಿ ವರ್ಣಭೇದವನ್ನು ಸಂವಿಧಾನಬಾಹಿರವೆಂದು ಸಾರಿದ 1954ರ ಬ್ರೌನ್ ತೀರ್ಪಿನಲ್ಲಿ ಒಂದಾಗಿ ಸೇರಿದ ಐದು ಪ್ರಕರಣಗಳಲ್ಲಿ ಬ್ರಿಗ್ಸ್ ಒಂದಾಗಿತ್ತು. ಆ ಶತಮಾನದ ಅತ್ಯಂತ ಪ್ರಭಾವಶಾಲಿ ತೀರ್ಪುಗಳಲ್ಲೊಂದರ ಬೇರು ಒಂದು ಶಾಲಾ ಬಸ್ಸಿನ ಬೇಡಿಕೆಯಲ್ಲಿತ್ತು ಎಂಬ ಸಂಗತಿಯನ್ನು ಬಸ್ಸಿನ ಚರಿತ್ರಕಾರರು ಸಾಮಾನ್ಯವಾಗಿ ಕಾನೂನಿನ ಚರಿತ್ರಕಾರರಿಗೆ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು, ಸುರಕ್ಷಿತ ವಾಹನ ಎಷ್ಟೇ ಚೆನ್ನಾಗಿದ್ದರೂ ಅದರೊಳಗೆ ಜಾಗವಿಲ್ಲದ ಮಗುವಿಗೆ ಅದರಿಂದ ಪ್ರಯೋಜನವಿಲ್ಲ.

1939ರ ಶಿಫಾರಸುಗಳು ಬಸ್ಸಿನ ಹೊರರೂಪವನ್ನು ತಿದ್ದಿದ್ದವು. ಬಡಿತದ ಕ್ಷಣದಲ್ಲಿ ಒಳಗೆ ಕೂತ ಮಕ್ಕಳಿಗೆ ಏನಾಗುತ್ತದೆ ಎಂಬ ಅಧ್ಯಯನ ನಡೆದದ್ದು 1960ರ ದಶಕದಲ್ಲಿ. ಅದಕ್ಕೆ ಮೊದಲು, 1958ರ ಫೆಬ್ರವರಿ 28ರಂದು, ಕೆಂಟಕಿಯ ಪ್ರೆಸ್ಟನ್ಸ್‌ಬರ್ಗ್ ಬಳಿ ಶಾಲಾ ಬಸ್ಸೊಂದು ತುಂಬಿ ಹರಿಯುತ್ತಿದ್ದ ನದಿಗೆ ಉರುಳಿ 26 ಮಕ್ಕಳೂ ಚಾಲಕನೂ ಮುಳುಗಿದ್ದರು. ಬದುಕುಳಿದ ಮಕ್ಕಳು ಹೊರಬಂದದ್ದು ಹಿಂದಿನ ತುರ್ತು ಬಾಗಿಲಿನಿಂದ. 1967ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕ ಡರ್ವಿನ್ ಸೆವರಿ ಮತ್ತು ಸಂಗಡಿಗರು ನಿಜವಾದ ಬಸ್ಸುಗಳಲ್ಲಿ ಬೊಂಬೆಗಳನ್ನು ಕೂರಿಸಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದರು. ಆಗಿನ ಸೀಟುಗಳ ಬೆನ್ನೊರಗು ಗಿಡ್ಡದಾಗಿದ್ದು, ಅದರ ಮೇಲಂಚಿಗೆ ಹಿಡಿದುಕೊಳ್ಳಲೆಂದು ಬರಿಯ ಲೋಹದ ಸರಳು ಇರುತ್ತಿತ್ತು. ಬಸ್ಸು ತಟ್ಟನೆ ನಿಂತರೆ ಹಿಂದೆ ಕೂತ ಮಗುವಿನ ಮುಖ ನೇರವಾಗಿ ಹೋಗಿ ಬಡಿಯುತ್ತಿದ್ದದ್ದು ಅದಕ್ಕೇ. 28 ಅಂಗುಲ ಎತ್ತರದ, ಮೆತ್ತೆ ಹೊದಿಸಿದ, ಗಟ್ಟಿಯಾದ ಬೆನ್ನೊರಗು ಇರಬೇಕೆಂದು ಆ ತಂಡ ಹೇಳಿತು. ಹತ್ತು ವರ್ಷಗಳ ಬಳಿಕ ಬಂದ ಸರ್ಕಾರಿ ನಿಯಮ 20 ಅಂಗುಲಕ್ಕೆ ತೃಪ್ತಿಪಟ್ಟಿತು, ಅದನ್ನು 24ಕ್ಕೆ ಏರಿಸುವ ತೀರ್ಮಾನವಾದದ್ದು 2008ರಲ್ಲಿ. ನಾಲ್ಕು ಅಂಗುಲ ಮೆತ್ತೆಗಾಗಿ ಒಂದು ಶ್ರೀಮಂತ ದೇಶ ಮೂರು ದಶಕ ತೆಗೆದುಕೊಂಡಿತು ಎಂಬುದನ್ನು ಖೇದವಿಲ್ಲದೆ ಬರೆಯಲಾಗದು.

ಅಮೆರಿಕದ ಸಂಸತ್ತು 1974ರಲ್ಲಿ ಶಾಲಾ ಬಸ್ಸುಗಳ ಸುರಕ್ಷತೆಗಾಗಿಯೇ ಕಾನೂನನ್ನು ತಿದ್ದಿದ ನಂತರ, 1977ರ ಏಪ್ರಿಲ್ 1ರಿಂದ ತಯಾರಾಗುವ ಬಸ್ಸುಗಳಿಗೆ ಕಡ್ಡಾಯ ಮಾನದಂಡಗಳು ಜಾರಿಗೆ ಬಂದವು. ಬಸ್ಸು ಪಲ್ಟಿಯಾದಾಗ ಚಾವಣಿ ಕುಸಿಯದಂತೆ ಅದು ವಾಹನದ ತೂಕದ ಒಂದೂವರೆ ಪಟ್ಟು ಭಾರವನ್ನು ತಡೆಯಬೇಕು. ತಗಡುಗಳ ಬೆಸುಗೆಗಳು ಬಿಚ್ಚಿಕೊಂಡು ಅಲಗಿನಂತೆ ಕತ್ತರಿಸದಿರಲು ಪ್ರತಿ ಬೆಸುಗೆಗೂ ತಗಡಿನ ಬಲದ ಶೇ. 60ರಷ್ಟು ಬಲವಿರಬೇಕು, ಇಂಧನದ ಟ್ಯಾಂಕು ಡಿಕ್ಕಿಯಲ್ಲಿ ಸೋರಬಾರದು. ಸೀಟುಗಳನ್ನು ಕುರಿತ ನಿಯಮ ಇವೆಲ್ಲಕ್ಕಿಂತ ಹೊಸದು. ಎತ್ತರದ, ಮೆತ್ತೆಯ, ಬಡಿದಾಗ ಸ್ವಲ್ಪ ಬಾಗಿ ಬಡಿತವನ್ನು ಹೀರಿಕೊಳ್ಳುವ ಸೀಟುಗಳನ್ನು ಹತ್ತಿರ ಹತ್ತಿರ ಇಟ್ಟರೆ, ಪ್ರತಿ ಮಗುವೂ ಎರಡು ಮೆತ್ತೆಗಳ ನಡುವಿನ ಗೂಡಿನಲ್ಲಿ ಇದ್ದಂತಾಗಿ, ಬೆಲ್ಟ್ ಕಟ್ಟಿಕೊಳ್ಳುವುದನ್ನು ಮರೆತ ಮಗುವಿಗೂ ರಕ್ಷಣೆ ದೊರೆಯುತ್ತದೆ ಎಂಬುದು ಅದರ ತತ್ತ್ವ. ಮಕ್ಕಳ ನಡವಳಿಕೆಯನ್ನು ನೆಚ್ಚಿಕೊಳ್ಳದೆ ಸೀಟನ್ನೇ ರಕ್ಷಕವಾಗಿಸಿದ ಈ ಯೋಚನೆ ಪ್ರಶಂಸೆಗೆ ಯೋಗ್ಯ. ಆದರೆ ಅದು ಎದುರಿನಿಂದ ಮತ್ತು ಹಿಂದಿನಿಂದ ಬರುವ ಬಡಿತಕ್ಕೆ ಮಾತ್ರ ಸಲ್ಲುತ್ತದೆ. ಬಸ್ಸು ಉರುಳಿದಾಗ ಅಥವಾ ಪಕ್ಕದಿಂದ ಪೆಟ್ಟು ಬಿದ್ದಾಗ ಮಗು ಆ ಗೂಡಿನಿಂದ ಹೊರಗೆ ಎಸೆಯಲ್ಪಡುತ್ತದೆ. ಈ ಕೊರತೆಯನ್ನು ಅಪಘಾತ ತನಿಖೆಯ ರಾಷ್ಟ್ರೀಯ ಮಂಡಳಿಯೇ 1999ರಲ್ಲಿ ಒಪ್ಪಿತು. 1987ರಲ್ಲಿ ನ್ಯೂಯಾರ್ಕ್ ರಾಜ್ಯ ಹೊಸ ಶಾಲಾ ಬಸ್ಸುಗಳಲ್ಲಿ ಬೆಲ್ಟ್ ಇರಬೇಕೆಂದಿತು, ಬೇರೆ ಕೆಲವು ರಾಜ್ಯಗಳು ಹಿಂಬಾಲಿಸಿದವು. ದೊಡ್ಡ ಬಸ್ಸುಗಳಿಗೆ ಬೆಲ್ಟ್ ಬೇಕೇ ಎಂಬ ವಾದ ಮಾತ್ರ ಅಲ್ಲಿ ಇನ್ನೂ ಮುಗಿದಿಲ್ಲ.

ಹೊಸ ಬಸ್ಸಿಗೆಂದು ಮಾಡಿದ ನಿಯಮ ಹಳೆಯ ಬಸ್ಸಿನಲ್ಲಿ ಕೂತ ಮಗುವನ್ನು ಕಾಯುವುದಿಲ್ಲ ಎಂಬುದಕ್ಕೆ 1988ರ ಮೇ 14ರ ರಾತ್ರಿ ಕೆಂಟಕಿಯ ಕ್ಯಾರೊಲ್ಟನ್ ಬಳಿ ನಡೆದ ಅಪಘಾತಕ್ಕಿಂತ ಘೋರವಾದ ಉದಾಹರಣೆ ಇರಲಾರದು. ಶಾಲೆಯ ಸೇವೆ ಮುಗಿಸಿ ಚರ್ಚೊಂದರ ಕೈಸೇರಿದ್ದ ಬಸ್ಸು 67 ಮಂದಿಯನ್ನು ಹೊತ್ತು ಬರುತ್ತಿದ್ದಾಗ, ಕುಡಿದು ಹೆದ್ದಾರಿಯಲ್ಲಿ ತಪ್ಪು ದಿಕ್ಕಿನಲ್ಲಿ ವಾಹನ ನಡೆಸುತ್ತಿದ್ದವನೊಬ್ಬ ಎದುರಿನಿಂದ ಬಂದು ಗುದ್ದಿದ. ಗುದ್ದಿದ ಪೆಟ್ಟಿಗೆ ಒಳಗಿದ್ದವರಲ್ಲಿ ಯಾರೂ ಸಾಯಲಿಲ್ಲ. ಆದರೆ ಮುಂಬಾಗಿಲಿನ ಹಿಂದೆಯೇ ಇದ್ದ ಇಂಧನ ಟ್ಯಾಂಕು ಸೀಳಿ ಬೆಂಕಿ ಎದ್ದಿತು, ಮುಂಬಾಗಿಲು ಜಖಂಗೊಂಡು ತೆರೆಯಲಿಲ್ಲ. ಉಳಿದದ್ದು ಹಿಂಬಾಗಿಲೊಂದೇ; ಒಂದಡಿ ಅಗಲದ ಓಣಿಯಲ್ಲಿ, ದಾರಿಗೆ ಅಡ್ಡವಿಟ್ಟ ತಂಪುಪೆಟ್ಟಿಗೆಯನ್ನು ದಾಟಿ, ಅರುವತ್ತಕ್ಕೂ ಹೆಚ್ಚು ಜನ ಒಟ್ಟಿಗೆ ಅದರತ್ತ ನುಗ್ಗಿದರು. 24 ಮಕ್ಕಳೂ ಮೂವರು ದೊಡ್ಡವರೂ ಬೆಂಕಿ ಮತ್ತು ಹೊಗೆಗೆ ಬಲಿಯಾದರು. ಆ ಬಸ್ಸಿನ ಚಾಸಿ ತಯಾರಾದದ್ದು 1977ರ ಮಾರ್ಚ್ 23ರಂದು, ಟ್ಯಾಂಕಿಗೆ ರಕ್ಷಣೆಯ ಪಂಜರವನ್ನು ತಂದ ಹೊಸ ಮಾನದಂಡ ಜಾರಿಗೆ ಬರಲು ಒಂಬತ್ತು ದಿನ ಮೊದಲು. ಒಂಬತ್ತು ದಿನಗಳ ಈ ಅಂತರ ಕಾನೂನಿನ ದೃಷ್ಟಿಯಲ್ಲಿ ನ್ಯಾಯಸಮ್ಮತ, ಮಕ್ಕಳ ದೃಷ್ಟಿಯಲ್ಲಿ ಅದಕ್ಕೆ ಯಾವ ಅರ್ಥವೂ ಇಲ್ಲ. ಆ ನಂತರ ಕೆಂಟಕಿ ತನ್ನ ಶಾಲಾ ಬಸ್ಸುಗಳಿಗೆ ಒಂಬತ್ತು ತುರ್ತು ದಾರಿಗಳನ್ನು ಕಡ್ಡಾಯ ಮಾಡಿತು, ರಾಷ್ಟ್ರಮಟ್ಟದಲ್ಲೂ ನಿರ್ಗಮನಗಳ ಸಂಖ್ಯೆ ಹೆಚ್ಚಿತು.

ಇಷ್ಟೆಲ್ಲದರ ಫಲವಾಗಿ ಅಮೆರಿಕದಲ್ಲಿ ಕಾರಿನಲ್ಲಿ ಹೋಗುವ ವಿದ್ಯಾರ್ಥಿಗಿಂತ ಶಾಲಾ ಬಸ್ಸಿನಲ್ಲಿ ಹೋಗುವ ವಿದ್ಯಾರ್ಥಿ ಸುಮಾರು 70 ಪಟ್ಟು ಹೆಚ್ಚು ಸುರಕ್ಷಿತ ಎಂದು ಅಲ್ಲಿಯ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಹೇಳುತ್ತದೆ. ಉಳಿದ ಅಪಾಯ ಹೆಚ್ಚಾಗಿ ಬಸ್ಸಿನ ಹೊರಗಿದೆ. ಇಳಿದ ಮಗು ಬಸ್ಸಿನ ಮುಂದೆಯೇ ರಸ್ತೆ ದಾಟುತ್ತದೆ, ಬಿದ್ದ ಪುಸ್ತಕವನ್ನು ಎತ್ತಿಕೊಳ್ಳಲು ಗಾಲಿಯ ಪಕ್ಕದಲ್ಲಿ ಬಗ್ಗುತ್ತದೆ, ಎತ್ತರದ ಸೀಟಿನಲ್ಲಿರುವ ಚಾಲಕನಿಗೆ ಅದು ಕಾಣುವುದೇ ಇಲ್ಲ. ಬಸ್ಸು ನಿಂತಾಗ ಎರಡೂ ದಿಕ್ಕಿನ ವಾಹನಗಳು ನಿಲ್ಲಬೇಕೆಂದು ಮಿನುಗುವ ಕೆಂಪು ದೀಪಗಳು, ಬದಿಯಿಂದ ಹೊರಚಾಚುವ ಎಂಟು ಮೂಲೆಗಳ ಕೆಂಪು ನಿಲುಗಡೆ ಫಲಕ, ಮೂತಿಯ ಕೆಳಗಿನ ಜಾಗವನ್ನು ತೋರಿಸುವ ಉಬ್ಬುಗನ್ನಡಿಗಳು ಈ ಅಪಾಯಕ್ಕೆ ಉತ್ತರವಾಗಿ ಬಂದವು. 1991ರ ನಿಯಮ ಹೊಸ ಬಸ್ಸುಗಳಿಗೆಲ್ಲ ನಿಲುಗಡೆ ಫಲಕವನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ಹಳದಿ ಬಣ್ಣ ಬಂದಿದೆ, ಆದರೆ ಬಸ್ಸು ನಿಂತಾಗ ರಸ್ತೆಯ ಎರಡೂ ಬದಿ ಸಂಚಾರ ತಾನಾಗಿ ನಿಲ್ಲುವ ಪದ್ಧತಿ ಬಂದಿಲ್ಲ. ಬಣ್ಣದ ಹಿಂದಿನ ಉದ್ದೇಶವೇ ಇತರ ಚಾಲಕರು ನೋಡಿ ನಿಧಾನಿಸಲಿ ಎಂಬುದಾಗಿದ್ದುದರಿಂದ, ನಮ್ಮಲ್ಲಿ ಅದರ ಅರ್ಧ ಕೆಲಸ ಬಾಕಿ ಉಳಿದಿದೆ ಎನ್ನಬೇಕು.

ಭಾರತದ ಕಾನೂನಿನಲ್ಲಿ ಶಾಲಾ ಬಸ್ಸಿಗೆ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಜಾಗವಿತ್ತು: ಶಿಕ್ಷಣ ಸಂಸ್ಥೆಯ ಒಡೆತನದಲ್ಲಿದ್ದು, ಅದರ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಸಾಗಿಸಲಷ್ಟೇ ಬಳಸುವ ಬಸ್ಸನ್ನು ಅದು ಶಿಕ್ಷಣ ಸಂಸ್ಥೆಯ ಬಸ್ಸು ಎಂದು ಬೇರೆಯಾಗಿ ವ್ಯಾಖ್ಯಾನಿಸಿತ್ತು. ಆ ವ್ಯಾಖ್ಯೆಗೆ ಮೈತುಂಬಿದ್ದು ದೆಹಲಿಯ ದುರಂತವೊಂದು. 1997ರ ನವೆಂಬರ್ 18ರ ಬೆಳಿಗ್ಗೆ, ಸಾಮರ್ಥ್ಯ ಮೀರಿ ಮಕ್ಕಳು ತುಂಬಿದ್ದ ಬಸ್ಸೊಂದು ವಜೀರಾಬಾದ್ ಸೇತುವೆಯಿಂದ ಯಮುನೆಗೆ ಬಿದ್ದು 28 ಮಕ್ಕಳು ಸತ್ತರು. ಆಗ ಸುಪ್ರೀಂ ಕೋರ್ಟಿನ ಮುಂದೆ ಎಂ.ಸಿ. ಮೆಹ್ತಾ ಅವರು 1985ರಲ್ಲಿ ದೆಹಲಿಯ ವಾಯುಮಾಲಿನ್ಯದ ಬಗ್ಗೆ ಹೂಡಿದ್ದ ಅರ್ಜಿಯ ವಿಚಾರಣೆ ಸಾಗಿತ್ತು. ಅದರಲ್ಲಿಯೇ ನ್ಯಾಯಾಲಯವು ಆ ನವೆಂಬರ್ ಮತ್ತು ಡಿಸೆಂಬರ್‌ಗಳಲ್ಲಿ ಶಾಲಾ ಬಸ್ಸುಗಳ ಬಗ್ಗೆ ಒಂದರ ಹಿಂದೊಂದು ನಿರ್ದೇಶನಗಳನ್ನು ಕೊಟ್ಟಿತು. ಹಳದಿ ಬಣ್ಣ, ಹಿಂದೆ ಮುಂದೆ ಶಾಲಾ ಬಸ್ಸು ಎಂಬ ಬರಹ, ಶಾಲೆಯ ಹೆಸರು ಮತ್ತು ದೂರವಾಣಿ ಸಂಖ್ಯೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಉಪಕರಣ, ಗಂಟೆಗೆ 40 ಕಿಲೋಮೀಟರ್ ಮೀರದಂತೆ ಎಂಜಿನ್ನನ್ನು ತಡೆಯುವ ವೇಗ ನಿಯಂತ್ರಕ, ಕನಿಷ್ಠ ಐದು ವರ್ಷ ಭಾರಿ ವಾಹನ ನಡೆಸಿದ ಅನುಭವವಿರುವ ಚಾಲಕ, ಮಕ್ಕಳನ್ನು ನೋಡಿಕೊಳ್ಳಲು ತರಬೇತಾದ ಸಹಾಯಕ, ಸೀಟಿನ ಕೆಳಗೆ ಚೀಲವಿಡಲು ಜಾಗ ಎಂಬ ಅಂಶಗಳು ಇಂದು ಯಾವುದೇ ಶಾಲಾ ಬಸ್ಸಿನಲ್ಲಿ ಕಾಣುವುದು ಆ ನಿರ್ದೇಶನಗಳಿಂದ. ಚೀಲದ ಜಾಗವನ್ನು ಸೌಕರ್ಯವೆಂದಷ್ಟೇ ತಿಳಿಯಬಾರದು. ಓಣಿಯಲ್ಲಿ ಬಿದ್ದ ಚೀಲಗಳು ತುರ್ತಿನಲ್ಲಿ ದಾರಿಯನ್ನೇ ಕಟ್ಟುತ್ತವೆ.

ಅದೇ ನಿರ್ದೇಶನಗಳಲ್ಲಿ ಕಿಟಕಿಗಳಿಗೆ ಅಡ್ಡ ಸರಳುಗಳಿರಬೇಕೆಂಬ ಮಾತೂ ಇತ್ತು. ಮಕ್ಕಳು ತಲೆ, ಕೈ ಹೊರಹಾಕಿ ಎದುರು ಬರುವ ವಾಹನಕ್ಕೆ ತಗುಲಿಸಿಕೊಳ್ಳುವುದು ನಮ್ಮ ಇಕ್ಕಟ್ಟಿನ ರಸ್ತೆಗಳಲ್ಲಿ ನಿಜವಾದ ಅಪಾಯ, ಹಾಗಾಗಿ ಸರಳು ಅಗತ್ಯ. ಆದರೆ ಬೆಂಕಿ ಬಿದ್ದಾಗ ಅಥವಾ ಬಸ್ಸು ನೀರಿಗೆ ಬಿದ್ದಾಗ ಅದೇ ಸರಳು ಮಗುವನ್ನು ಒಳಗೇ ಹಿಡಿದಿಡುತ್ತದೆ. ತೆಗೆಯಲು ಬರುವ ತುರ್ತು ಕಿಟಕಿ ಮತ್ತು ಜಾಮ್ ಆಗದ ಹಿಂಬಾಗಿಲು ಇದ್ದಾಗ ಮಾತ್ರ ಸರಳು ರಕ್ಷಣೆಯಾಗಿ ಉಳಿಯುತ್ತದೆ. ಆ ಬಾಗಿಲಿಗೆ ಅಡ್ಡವಾಗಿ ಹೆಚ್ಚುವರಿ ಸೀಟು ಹಾಕಿಸುವ ಅಭ್ಯಾಸ ಅದನ್ನು ಪಂಜರವಾಗಿಸುತ್ತದೆ. ಹನ್ನೆರಡಕ್ಕಿಂತ ಕಿರಿಯ ಮಕ್ಕಳನ್ನು ಸೀಟುಗಳ ಸಂಖ್ಯೆಯ ಒಂದೂವರೆ ಪಟ್ಟಿನವರೆಗೆ ಕೂರಿಸಬಹುದೆಂಬ ಸಡಿಲಿಕೆಯೂ ಇದೇ ಬಗೆಯ ಇಕ್ಕಟ್ಟಿನದು. ಬಡ ಪೋಷಕರ ಖರ್ಚನ್ನು ಅದು ತಗ್ಗಿಸುತ್ತದೆ ಎಂಬುದು ನಿಜ; ಸೀಟೇ ರಕ್ಷಕ ಎಂಬ ತತ್ತ್ವದ ಮುಂದಿಟ್ಟು ನೋಡಿದರೆ, ಇಬ್ಬರ ಜಾಗದಲ್ಲಿ ಒತ್ತಿ ಕೂತ ಮೂರನೆಯ ಮಗು ರಕ್ಷಣೆಯ ಹೊರಗಿದೆ. ಮೆಹ್ತಾ ಅರ್ಜಿಯ ಮೂಲ ವಿಷಯವಾದ ಹೊಗೆಯೂ ಮಕ್ಕಳ ಬಸ್ಸನ್ನು ಮುಟ್ಟಿತು: ದೆಹಲಿಯ ಬಸ್ಸುಗಳನ್ನು ಒತ್ತಿದ ನೈಸರ್ಗಿಕ ಅನಿಲಕ್ಕೆ, ಅಂದರೆ ಸಿಎನ್‌ಜಿಗೆ, ಬದಲಾಯಿಸಲು 1998ರಲ್ಲಿ ನ್ಯಾಯಾಲಯ ಹೇಳಿದಾಗ ಶಾಲಾ ಬಸ್ಸುಗಳೂ ಆ ವ್ಯಾಪ್ತಿಗೆ ಬಂದವು.

ನ್ಯಾಯಾಲಯದ ಮಾತುಗಳು ಎಂಜಿನಿಯರಿಂಗ್ ಅಳತೆಗಳಾದದ್ದು 2005ರಲ್ಲಿ, ಎಐಎಸ್ 063 ಎಂಬ ವಾಹನೋದ್ಯಮ ಮಾನದಂಡ ಶಾಲಾ ಬಸ್ಸುಗಳಿಗಾಗಿ ಪ್ರಕಟವಾದಾಗ. ಮೆಟ್ಟಿಲು, ಹಿಡಿಕಂಬಿ, ಸೀಟು, ಚೀಲದ ಅಟ್ಟಣೆಗಳನ್ನು ದೊಡ್ಡವರ ಮೈಯಳತೆಗಲ್ಲ, ಮಕ್ಕಳ ಮೈಯಳತೆಗೆ ತಕ್ಕಂತೆ ಯೋಚಿಸಿದ್ದು ಅದರ ಹಿರಿಮೆ. ಕರ್ನಾಟಕ ಸರ್ಕಾರವು ಶಾಲಾ ಮಕ್ಕಳ ಸಾಗಾಟದಲ್ಲಿ ತೊಡಗಿದ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ರೂಪಿಸಿದ್ದು 2012ರಲ್ಲಿ, ದೆಹಲಿಯ ದುರಂತಕ್ಕೆ ಹದಿನೈದು ವರ್ಷಗಳಾದ ಮೇಲೆ. ಆ ನಿಯಮಗಳು ಬಸ್ಸುಗಳಲ್ಲಿ ನಿಲ್ಲದೆ, ಸ್ಕೂಲ್ ಕ್ಯಾಬ್ ಎಂಬ ಹೆಸರಿನಲ್ಲಿ ವ್ಯಾನುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಹಳದಿ ಮೈಯ ನಡುವೆ ಹಸಿರು ಪಟ್ಟಿ ಬಳಿಸಿ ಅವನ್ನು ಗುರುತಿಸುವ ಏರ್ಪಾಡು ಮಾಡಿದವು. ಇದು ಸರಿಯಾದ ದಿಕ್ಕಿನ ಹೆಜ್ಜೆ, ಏಕೆಂದರೆ ರಾಜ್ಯದ ಊರುಗಳಲ್ಲಿ ಮಕ್ಕಳ ಸಾಗಾಟದ ಬಹುಭಾಗವನ್ನು ನಡೆಸುತ್ತಿದ್ದವರು ಒಂದೊಂದೇ ವ್ಯಾನು ಇಟ್ಟುಕೊಂಡ ಚಾಲಕ–ಮಾಲೀಕರು. ಇವರಲ್ಲಿ ಅನೇಕರ ವಾಹನಗಳು ಬಿಳಿ ಬೋರ್ಡಿನವು, ಎಂದರೆ ಬಾಡಿಗೆಗೆ ಓಡಿಸಲು ಪರವಾನಗಿ ಇಲ್ಲದ ಖಾಸಗಿ ನೋಂದಣಿಯವು. ಅವಕ್ಕೆ ಬಾಡಿಗೆ ವಾಹನಗಳಿಗೆ ನಿಗದಿತ ಕಾಲಕ್ಕೊಮ್ಮೆ ನಡೆಯುವ ಅರ್ಹತಾ ತಪಾಸಣೆ, ಜನರ ಬಾಯಲ್ಲಿ ಎಫ್.ಸಿ., ಅನ್ವಯಿಸುವುದಿಲ್ಲ; ಹೆಚ್ಚಿನ ತೆರಿಗೆಗೂ ವಿಮೆಗೂ ಹೆದರಿ ಮಾಲೀಕರು ಹಳದಿ ಬೋರ್ಡಿಗೆ ಬರುವುದಿಲ್ಲ; ಶುಲ್ಕ ಹೆಚ್ಚಿದರೆ ಪೋಷಕರು ಮಗುವನ್ನು ಇನ್ನೂ ಅಗ್ಗದ ಆಟೋಗೆ ಹತ್ತಿಸುತ್ತಾರೆ.

2016ರ ಜೂನ್ 21ರ ಬೆಳಿಗ್ಗೆ ಕುಂದಾಪುರ ತಾಲ್ಲೂಕಿನ ತ್ರಾಸಿಯ ಬಳಿ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಓಮ್ನಿ ವ್ಯಾನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. ಆ ಮಾದರಿಯ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಕಾರಿನಲ್ಲಿರುವಂತೆ ಬಡಿತವನ್ನು ಮೊದಲು ತಿಂದು ಕುಗ್ಗುವ ಮೂತಿ ಅದಕ್ಕಿಲ್ಲವಾದ್ದರಿಂದ, ಮುಂದೆ ಕೂತವರಿಗೂ ಎದುರಿನ ವಾಹನಕ್ಕೂ ನಡುವೆ ಇರುವುದು ತಗಡು ಮತ್ತು ಗಾಜು ಮಾತ್ರ. ಆ ವಾರಗಳಲ್ಲಿ ಸಾರಿಗೆ ಇಲಾಖೆಯ ತಪಾಸಣೆ ಬಿಗಿಯಾಯಿತು, ಪತ್ರಿಕೆಗಳು ಬರೆದವು, ಶಾಲೆಗಳು ಸುತ್ತೋಲೆ ಹೊರಡಿಸಿದವು. ಆದರೆ ಬಾಗಿಲಲ್ಲಿ ಮಗುವನ್ನು ಇಳಿಸಿಕೊಳ್ಳುವ ಶಾಲೆ ಆ ವ್ಯಾನು ತನ್ನದಲ್ಲ, ಪೋಷಕರು ಮಾಡಿಕೊಂಡ ಏರ್ಪಾಡು ಎಂದು ಹೇಳಬಲ್ಲ ಸ್ಥಿತಿ ಬದಲಾಗಲಿಲ್ಲ. ತನ್ನ ಗೇಟಿಗೆ ಬರುವ ಪ್ರತಿ ವಾಹನದ ನೋಂದಣಿ, ಚಾಲಕನ ಪರವಾನಗಿ, ಅದರಲ್ಲಿರುವ ಮಕ್ಕಳ ಸಂಖ್ಯೆ ಇವನ್ನು ಶಾಲೆಯೇ ದಾಖಲಿಸಿಡಬೇಕು ಎಂಬ ಹೊಣೆ ದುಬಾರಿಯಲ್ಲ. ಅದಕ್ಕೆ ಹೊಸ ಉಕ್ಕೂ ಬೇಡ, ಹೊಸ ಸೀಟೂ ಬೇಡ.

ಇನ್ನು ವ್ಯಾನೂ ಇಲ್ಲದ ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರವು 2010ರಲ್ಲಿ ಮಾಡಿದ ನಿಯಮಗಳು ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್, ಎಂಟನೆಯವರೆಗೆ ಮೂರು ಕಿಲೋಮೀಟರ್ ನಡಿಗೆಯೊಳಗೆ ಶಾಲೆಯಿರಬೇಕೆಂದು ಹೇಳಿ, ಅಷ್ಟರೊಳಗೆ ಶಾಲೆಯಿಲ್ಲದ ಸಣ್ಣ ಜನವಸತಿಗಳ ಮಕ್ಕಳಿಗೆ ಉಚಿತ ಸಾರಿಗೆಯಂಥ ವ್ಯವಸ್ಥೆ ಮಾಡಬೇಕೆಂದೂ ವಿಧಿಸಿವೆ. ಆ ಹಕ್ಕು ಎಂಟನೆಯ ತರಗತಿಗೆ ಮುಗಿಯುತ್ತದೆ, ದೂರ ಹೆಚ್ಚುವುದು ಪ್ರೌಢಶಾಲೆಯಲ್ಲಿ. ಕರ್ನಾಟಕ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು ಈ ಅಂತರವನ್ನು ತುಂಬುವ ಪ್ರಯತ್ನವಾಗಿತ್ತು. ರಿಯಾಯಿತಿ ಪಾಸು ಮತ್ತು 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಹೆಣ್ಣುಮಕ್ಕಳನ್ನು ಸರ್ಕಾರಿ ಬಸ್ಸಿಗೆ ಇನ್ನಷ್ಟು ಹತ್ತಿರ ತಂದವು. ಹೀಗೆ ಹಳ್ಳಿಯ ವಿದ್ಯಾರ್ಥಿಯ ಪಾಲಿಗೆ ಸಾಮಾನ್ಯ ಸಾರಿಗೆ ಬಸ್ಸೇ ಶಾಲಾ ಬಸ್ಸು. ಅದಕ್ಕೆ ಹಳದಿ ಬಣ್ಣವಿಲ್ಲ, ಗಂಟೆಗೆ 40 ಕಿಲೋಮೀಟರಿನ ಮಿತಿಯಿಲ್ಲ, ಮಕ್ಕಳಿಗೆಂದು ಸಹಾಯಕನಿಲ್ಲ, ಎಐಎಸ್ 063 ಅದಕ್ಕೆ ಅನ್ವಯಿಸುವುದೂ ಇಲ್ಲ. ಶಾಲೆಯ ಗಂಟೆಗೆ ಹೊಂದುವ ಟ್ರಿಪ್ಪು ಒಂದೇ ಇರುವ ಮಾರ್ಗಗಳಲ್ಲಿ ಕೊನೆಯ ನಿಲ್ದಾಣಗಳ ಮಕ್ಕಳು ಬೆನ್ನಿಗೆ ಚೀಲ ಹೊತ್ತು ಫುಟ್‌ಬೋರ್ಡಿನಲ್ಲೇ ನಿಲ್ಲುತ್ತಾರೆ. ಗ್ರಾಮಸ್ಥರು ಘಟಕ ವ್ಯವಸ್ಥಾಪಕರಿಗೆ ಕೊಡುವ ಮನವಿಗಳಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಬೇಡಿಕೆ: ಬೆಳಿಗ್ಗೆ ಎಂಟೂವರೆಗೊಂದು, ಸಂಜೆ ನಾಲ್ಕೂವರೆಗೊಂದು ಹೆಚ್ಚುವರಿ ಬಸ್ಸು.